ಕೆಂಪು ಗೆರಿ

ಬೆಟಗೇರಿ ಹಾದ್ಯಾಗ ನಮ್ಮ ಪ್ರೆಸ್ಸು.
ನನ್ನ ಕೆಲಸ ಗೆರಿ ಹೊಡಿಯೂದು.
ನೀಲಿ ಶಾಯಿಲೆ ಅಡ್ಡಗೆರಿ ಇಪ್ಪತ್ನಾಕು,
ಆಮ್ಯಾಲ ಹಾಳಿ ತಿರಿವಿ, ಉದ್ದಕ
ಒಂದ ಒಂದು ಕೆಂಪು.

ಜೂನ್ ಬಂತಂದ್ರ ಉಗುರಾಗ ಶಾಯಿ, ಊಟದಾಗ ಶಾಯಿ.
ಅರ್ಧ ಜಿಲ್ಲಾದ ಹುಡುಗೂರು
ನಾ ಹೊಡದ ಗೆರಿ ಬಾಜೂಕ ಕುಂತು ಬರೀತಾವ.
ಅವಕ ನನ್ನ ಹೆಸರು ಗೊತ್ತಿಲ್ಲ.
ಗೆರಿ ದಾಟಬಾರದು ಅನ್ನೂದು ಗೊತ್ತೈತಿ.

ನಮ್ಮ ಮನ್ಯಾಗ ಅದು ಯಾರಿಗೂ ಗೊತ್ತಿರಲಿಲ್ಲ.
ನನ್ನ ಖೋಲಿ ಬಾಗಲಕ ಒಂದ ಕಾಲಕ್ಕ ಕೊಂಡಿ ಇತ್ತು.
ನನಗ ಹನ್ನೆರಡು ತುಂಬಿದ ವಾರ
ಅಪ್ಪ ಸ್ಕ್ರೂ ಬಿಚ್ಚಿ ಕಿಸೇದಾಗ ಹಾಕ್ಕೊಂಡ:
"ಮನಿಮಂದಿಗೆ ಏನ ಮುಚ್ಚುಮರಿ?"
ನಾಕು ತೂತು ಉಳದ್ವು.
ಅದರಾಗ ಊದಿನಕಡ್ಡಿ ಸಿಗಿಸಿ
ಕೊಂಡಿ ಐತಿ ಅಂತ ಆಟ ಆಡ್ತಿದ್ದೆ.

ಅವ್ವ ನನ್ನ ನೋಟಬುಕ್ಕು ಓದ್ತಿದ್ಲು,
ಬಂದ ಮಂದಿ ಮುಂದೂ ಓದ್ತಿದ್ಲು:
"ನೋಡ್ರಿ, ನಮ್ಮ ನೀಲಗಂಗಾಗ ದುಃಖ ಅಂತ!"
ಕಪ್ಪು ಬಸಿ ಸುದ್ದಾ ನಗ್ತಿದ್ವು.
ಅಪ್ಪ ಹೊಡೀತಿರಲಿಲ್ಲ, ಅದನ್ನ ಮಂದಿ ಈಗೂ ಹೊಗಳ್ತಾರ.
ಹದಿನೈದು ದಿವಸ ಮಾತು ಬಿಡ್ತಿದ್ದ ಅಷ್ಟ.
ನಾ ಬಡದ ರೊಟ್ಟಿ ಮುಟ್ಟದ ಕುಂದರ್ತಿದ್ದ,
ಅದು ತಾಟಿನ್ಯಾಗ ಕಟಕಟಿ ಆಗೂತನಕ.
ಅಷ್ಟೊತ್ತೂ ನಾನು ನಿಂತ ಇರಬೇಕು.

ಮೊದಲ ಪಗಾರಿನ ಪಾಕೀಟು ಬಿಚ್ಚದ ಕೊಟ್ಟೆ.
ಎರಡನೇದೂ. ನೂರಾ ಎಂಬತ್ತನೇದೂ.
ಲಕ್ಷ್ಮೇಶ್ವರದಿಂದ ಗಂಡಿನ ಕಡಿಯವರು ಬಂದಾಗ
"ಇಕಿ ಒಲ್ಲೆ ಅಂತಾಳ್ರಿ" ಅಂದ್ರು,
ನನ್ನ ಕೇಳದ.
ನನ್ನ ಮೊದಲನೇ 'ಒಲ್ಲೆ' ಅವರ ಬಾಯಾಗ ಖರ್ಚಾತು.

ಹೋದ ಮಾಘದಾಗ ಒಂದಿನ ಮಶೀನು ತಪ್ಪಿ
ಪಾವತಿ ಪುಸ್ತಕಕ್ಕ ಅಂಚ ಬೀಳಲಿಲ್ಲ.
ಕಟಿಂಗಿನ ಮಕ್ತುಂಸಾಬ್ ಹಾಳಿ ಎತ್ತಿ ತೋರಿಸಿದ:
"ಅಂಚು ಬಿಡದಿದ್ರ ಕತ್ತಿ ಅಕ್ಷರಾನ ತಿಂತೈತಿ ಅಕ್ಕಾ."
ಅಂವ ಹೇಳಿದ್ದು ಪಾವತಿ ಪುಸ್ತಕದ ಮಾತು.
ನನಗ ಕೈಕಾಲು ತಣ್ಣಗಾದ್ವು.

ಮುಳಗುಂದ ನಾಕಾದ ಹತ್ರ ಖೋಲಿ ಹಿಡದೆ.
ಟಾಂಗಾಕೂಟದಾಗ ಕೊಂಡಿ ಕೊಂಡೆ, ಅರವತ್ತೈದು ರೂಪಾಯಿ.
ಚೌಕಾಸಿ ಮಾಡಲಿಲ್ಲ.

ಆಮ್ಯಾಲ ಹೋಗಿ ಹೇಳಿದೆ:
"ಐತವಾರ ನಾಕಕ್ಕ ಬರ್ತೀನಿ, ಆರಕ್ಕ ಏಳ್ತೀನಿ.
ಗುಳಿಗಿ ಚೀಟಿ ಕೊಡ್ರಿ, ತರ್ತೀನಿ. ಪಾಕೀಟು ಇಲ್ಲ.
ಮಂದಿ ಮುಂದ ನನ್ನ ಆಡ್ಕೊಂಡ್ರ ಚಪ್ಪಲಿ ಮೆಟ್ತೀನಿ."
ಇಷ್ಟಕ್ಕ ಮೂವತ್ತೆಂಟು ವರ್ಷ ಹಿಡೀತು.
ಧ್ವನಿ ನಡಗ್ತಿತ್ತು. ಮುಚ್ಚಿಡೂದ್ಯಾಕ.

"ನಿನ್ನ ಬದಲಿ ಕಲ್ಲ ಹಡದಿದ್ರ
ಅರಬಿ ಒಗ್ಯಾಕರ ಬರ್ತಿತ್ತು" ಅಂದ್ಲು ಅವ್ವ.
ಬಸಲಿಂಗ ಕಾಕಾ ಫೋನ್ ಮಾಡಿದ:
"ಎಷ್ಟಂದ್ರೂ ಹಡದವರವಾ."
ಹೌದು ಕಾಕಾ.
ಅದಕ್ಕ ಐತವಾರ.

ಮೊದಲನೇ ಐತವಾರ ಇಪ್ಪತ್ತ ನಿಮಿಷಕ್ಕ
ಬಾಜೂಮನಿ ಈರವ್ವನ ಮುಂದ ಸುರು ಮಾಡಿದ್ಲು.
ಚಪ್ಪಲಿ ಮೆಟ್ಟಿದೆ. ಉಂಗುಟ ಸಿಗವಲ್ದು ಪಟ್ಟಿಗೆ.
ತಿರುವಿನಾಗ ಕಬ್ಬಿನಹಾಲಿನ ಗಾಡಿ ಹಿಂದ ನಿಂತು
ಅತ್ತೆ, ಗಾಡಿ ಗೆಜ್ಜಿ ಸಪ್ಪಳದಾಗ.

ಮೂರನೇ ವಾರ ನನ್ನ ಚೀಲ ಹುಡಿಕ್ಯಾಡಿದ್ಲು.
ಕಸಗೊಳ್ಳಲಿಲ್ಲ.
ನಾಕನೇ ವಾರ ಚೀಲ ಒಯ್ಯಲಿಲ್ಲ.

ಅಪ್ಪ ಮಾತು ಬಿಟ್ಟ.
ಬಿಡ್ಲಿ.
ಆ ಹದಿನೈದು ದಿವಸ
ನನ್ನ ರೊಟ್ಟಿ ಬಿಸಿ ಇದ್ದಾಗ ನಾನ ತಿಂದೆ,
ಶೇಂಗಾ ಹಿಂಡಿ ಹಚ್ಚಿ, ಕುಂತು.

ಆರಾಮ ಅದೀನಿ ಅಂತ ಹೇಳೂದಿಲ್ಲ.
ಫೋನ್ ಗುಂಯ್ ಅಂದ್ರ ಈಗೂ ಹೊಟ್ಯಾಗ ಏನೋ ಎದ್ದು ನಿಲ್ತೈತಿ.
ನಡರಾತ್ರಿ ಎಚ್ಚರಾಗತೈತಿ,
ಹೋಗಿ ಕೊಂಡಿ ಮುಟ್ಟಿ ನೋಡ್ತೀನಿ.
ತಣ್ಣಗ ಐತಿ. ನಾಕೂ ಸ್ಕ್ರೂ ಅದಾವ.

ಒಮ್ಮೊಮ್ಮೆ ಸುಮ್ಮನ ತಗೀತೀನಿ.
ಹೊರಗ ಯಾರೂ ಇಲ್ಲ.
ಗಾಳಿ, ಒಂದು ನಾಯಿ, ಶೇಂಗಾ ಹೇರಿದ ಲಾರಿ.
ಮತ್ತ ಹಾಕ್ತೀನಿ.
ಟಕ್.